ಹಾಟ್ ರಾಡ್, ಡ್ರ್ಯಾಗ್ ಕಾರು ಮಾದರಿಗಳು: ದೋಷ ಎಲ್ಲಿ ಹುಟ್ಟಿತು, ಹೇಗೆ ಸರಿಮಾಡುವುದು

ಕಟ್ಟಿ ಮುಗಿಸಿದ ಮಾದರಿ ಕಾರನ್ನು ಮೇಜಿನ ಮೇಲಿಟ್ಟು ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಕುಂಟು ಸ್ಟೂಲಿನ ಹಾಗೆ ಟಕ್ ಎನ್ನುತ್ತದೆ. ನಾಲ್ಕು ಚಕ್ರಗಳಲ್ಲಿ ಮೂರು ಮಾತ್ರ ನೆಲ ಮುಟ್ಟಿವೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೇಲೆದ್ದ ಚಕ್ರವನ್ನೇ ಹಿಡಿದು ಕೆಳಕ್ಕೆ ಬಗ್ಗಿಸುತ್ತಾರೆ. ಆಕ್ಸಲ್ ಮುರಿಯುತ್ತದೆ, ಮುರಿಯದಿದ್ದರೆ ವಾರ ಕಳೆಯುವುದರೊಳಗೆ ಕಾರು ಮತ್ತೆ ಕುಂಟತೊಡಗುತ್ತದೆ. ಯಾಕೆಂದರೆ ತಪ್ಪು ಆ ಚಕ್ರದಲ್ಲಿ ಇರಲೇ ಇಲ್ಲ. ಅಂಟು ಪೂರ್ತಿ ಗಟ್ಟಿಯಾಗುವ ಮೊದಲು ಕೈಗೆತ್ತಿಕೊಂಡ ಫ್ರೇಮಿನಲ್ಲಿತ್ತು. ಪ್ಲಾಸ್ಟಿಕ್ ಕಿಟ್‌ಗಳಲ್ಲಿ ದೋಷ ಕಾಣುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಹಾಗಾಗಿ ಇಲ್ಲಿ ಪ್ರತಿಯೊಂದಕ್ಕೂ ಮೊದಲು ಪರೀಕ್ಷೆ, ಆಮೇಲೆ ರಿಪೇರಿ.

ಹಾಟ್ ರಾಡ್ ಎಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರು, ಡ್ರ್ಯಾಗ್ ಕಾರು ಎಂದರೆ ನೇರ ದಾರಿಯ ಚಿಕ್ಕ ಓಟದ ಕಾರು. ಈ ಕೈಪಿಡಿ 1/25 ಮತ್ತು 1/24 ಅಳತೆಯ ಪಾಲಿಸ್ಟೈರೀನ್ ಕಿಟ್‌ಗಳಿಗೆ ಸಂಬಂಧಿಸಿದ್ದು: 1932ರ ಫೋರ್ಡ್ ರೋಡ್‌ಸ್ಟರ್ (ತೆರೆದ ಕಾರು) ಮತ್ತು ಕೂಪೆಗಳು (ಎರಡು ಬಾಗಿಲಿನ ಮುಚ್ಚಿದ ಕಾರು), 1960ರ ದಶಕದ ಗ್ಯಾಸರ್‌ಗಳು (ಮೂತಿ ಎತ್ತಿದ ಡ್ರ್ಯಾಗ್ ಕಾರುಗಳು), ಚಾಲಕ ಹಿಂದಿನ ಚಕ್ರಗಳ ಹಿಂದೆ ಕೂರುವ ಉದ್ದನೆಯ ಸ್ಲಿಂಗ್‌ಶಾಟ್ ಡ್ರ್ಯಾಗ್‌ಸ್ಟರ್‌ಗಳು, ಇಡೀ ಬಾಡಿ ಮೇಲೆತ್ತಬಹುದಾದ ಫನ್ನಿ ಕಾರುಗಳು. ಒಂದೇ ಡಬ್ಬಿಯ ಭಾಗಗಳಿಂದ ಕಾರ್ಖಾನೆ ರೂಪ, ಕಸ್ಟಮ್, ರೇಸ್ ಎಂದು ಮೂರು ಬಗೆಯಲ್ಲಿ ಕಟ್ಟಬಹುದಾದ ಕಿಟ್‌ಗಳನ್ನು ಅಮೆರಿಕದ ಎಎಂಟಿ ಕಂಪನಿ 1958ರಲ್ಲಿ ತಂದಿತು. 1960ರ ದಶಕದ ಅಚ್ಚುಗಳಿಂದ ಬಂದ ಕಿಟ್‌ಗಳು ಈಗಲೂ ಮರುಮುದ್ರಣದಂತೆ ಅಂಗಡಿಗೆ ಬರುತ್ತವೆ. ಅಂಥವುಗಳಲ್ಲಿ ಭಾಗಗಳ ಅಂಚಿನಲ್ಲಿ ತೆಳು ಪೊರೆ, ದಪ್ಪ ಜಾಗಗಳಲ್ಲಿ ಸಣ್ಣ ಕುಳಿ, ತುಸು ತಿರುಚಿದ ಫ್ರೇಮು ಇದ್ದೇ ಇರುತ್ತವೆ ಎಂದುಕೊಂಡೇ ಕೆಲಸ ಶುರುಮಾಡಬೇಕು.

ಮೊದಲು ಸ್ಕೇಲು ಹಿಡಿಯಿರಿ

ನಿಜವಾದ ಕಾರಿನ ಒಂದು ಇಂಚು 1/25ರಲ್ಲಿ 1.016 ಮಿ.ಮೀ. ಅಂದರೆ ಇಂಚು ಎಂದು ಓದಿದ್ದನ್ನು ಮಿ.ಮೀ. ಎಂದುಕೊಂಡರೆ ಸಾಕು. ನಾಲ್ಕು ಇಂಚು ಇಳಿಸಿದ ಮುಂದಿನ ಆಕ್ಸಲ್ ಎಂದರೆ 4 ಮಿ.ಮೀ., ಮೂರು ಇಂಚು ಕತ್ತರಿಸಿ ತಗ್ಗಿಸಿದ ಟಾಪ್ (ಚಾವಣಿ) ಎಂದರೆ 3 ಮಿ.ಮೀ. ಈ ಒಂದು ಅನುಕೂಲ ಇಡೀ ಕೆಲಸವನ್ನು ಹಗುರ ಮಾಡುತ್ತದೆ.

1932ರ ಫೋರ್ಡಿನ ವೀಲ್‌ಬೇಸ್ 106 ಇಂಚು. ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ 1/25ರಲ್ಲಿ 107.7 ಮಿ.ಮೀ., 1/24ರಲ್ಲಿ 112.2 ಮಿ.ಮೀ. ಬರಬೇಕು. ಎಡಗಡೆ, ಬಲಗಡೆ ಎರಡೂ ಅಳೆಯಿರಿ. ಎರಡಕ್ಕೂ ಅರ್ಧ ಮಿ.ಮೀ. ವ್ಯತ್ಯಾಸವಿದ್ದರೆ ಯಾವುದೋ ಆಕ್ಸಲ್ ಓರೆಯಾಗಿ ಅಂಟಿದೆ. ಮೇಲಿನಿಂದ ನೋಡಿದಾಗ ಕಾರು ಪಕ್ಕಕ್ಕೆ ಹರಿದಾಡುವ ಏಡಿಯಂತೆ ಕಾಣುವುದಕ್ಕೆ ಇದೇ ಕಾರಣ.

ಬೇರೆ ಕಿಟ್ಟಿನ ಎಂಜಿನ್ ತಂದು ಕೂರಿಸುವವರು ಡಬ್ಬಿಯ ಮೇಲಿನ ಅಳತೆಯನ್ನು ಮರೆಯಬಾರದು. 1/24 ಮತ್ತು 1/25ರ ನಡುವೆ ಶೇ. 4ರಷ್ಟು ವ್ಯತ್ಯಾಸ. ಕೇಳಲು ಅಲ್ಪ, ಆದರೆ 30 ಮಿ.ಮೀ. ಉದ್ದದ ಎಂಜಿನ್‌ನಲ್ಲಿ ಅದು 1 ಮಿ.ಮೀ.ಗೂ ಹೆಚ್ಚು. ಫ್ಯಾನಿಗೂ ರೇಡಿಯೇಟರಿಗೂ ಮಧ್ಯೆ ಇರುವ ಜಾಗವೇ ಅಷ್ಟು. ಚಕ್ರ, ಸೀಟು, ಸ್ಟೀರಿಂಗ್ ಇವನ್ನು ಅದಲು ಬದಲು ಮಾಡಿದರೆ ಕಣ್ಣಿಗೆ ತಿಳಿಯುವುದಿಲ್ಲ. ಎಂಜಿನ್, ಮುಂಗಾಜು, ರೇಡಿಯೇಟರ್ ಶೆಲ್ ಈ ಮೂರಕ್ಕೆ ಮಾತ್ರ ತಿಳಿಯುತ್ತದೆ.

ಮೂರೇ ಚಕ್ರ ನೆಲ ಮುಟ್ಟುತ್ತವೆ

ಮೇಜು ನಂಬಿಕೆಗೆ ಅರ್ಹವಲ್ಲ, ಕಿಟಕಿಗೆ ಹಾಕುವ 5 ಮಿ.ಮೀ. ದಪ್ಪದ ಗಾಜಿನ ತುಂಡೊಂದನ್ನು ಇದಕ್ಕಾಗಿಯೇ ಇಟ್ಟುಕೊಳ್ಳಿ. ಅದರ ಮೇಲೆ ಕಾರಿಟ್ಟು ಪ್ರತಿ ಚಕ್ರದ ಅಡಿಗೂ ಜೆರಾಕ್ಸ್ ಕಾಗದದ ಪಟ್ಟಿ ತೂರಿಸಿ ನೋಡಿ. ಒಂದು ಹಾಳೆ ಸುಮಾರು 0.1 ಮಿ.ಮೀ. ಎಷ್ಟು ಹಾಳೆ ಸಲೀಸಾಗಿ ನುಗ್ಗುತ್ತವೆ ಎನ್ನುವುದೇ ನಿಮ್ಮ ಅಂತರ. ಎರಡು ಹಾಳೆಯವರೆಗೆ ಟೈರಿನ ಅಡಿಯನ್ನು ಉಪ್ಪು ಕಾಗದದ ಮೇಲೆ ಉಜ್ಜಿ ಮುಗಿಸಬಹುದು. ಅದಕ್ಕಿಂತ ಹೆಚ್ಚಾದರೆ ಮೂಲ ಹುಡುಕಲೇಬೇಕು.

ಮೊದಲು ಆ ಚಕ್ರವನ್ನು ಅದರ ಜಾಗದಲ್ಲೇ ನಿಧಾನವಾಗಿ ತಿರುಗಿಸಿ. ತಿರುಗಿದಂತೆ ಅಂತರ ಹೆಚ್ಚು ಕಡಿಮೆ ಆಗುತ್ತಿದ್ದರೆ ಚಕ್ರದ ತೂತು ನಡುವಿನಲ್ಲಿಲ್ಲ, ಇಲ್ಲವೇ ಟೈರು ರಿಮ್ಮಿನ ಮೇಲೆ ಪೂರ್ತಿ ಕೂತಿಲ್ಲ. ಅಂತರ ಹಾಗೇ ಇದ್ದರೆ ಎಡ ಬಲ ಚಕ್ರಗಳನ್ನು ಅದಲು ಬದಲು ಮಾಡಿ. ದೋಷ ಚಕ್ರದ ಜೊತೆಗೆ ಆಚೆ ಬದಿಗೆ ಹೋಯಿತೆಂದರೆ ಟೈರುಗಳ ಎತ್ತರದಲ್ಲೇ ವ್ಯತ್ಯಾಸವಿದೆ. ಮೂಲೆಯಲ್ಲೇ ಉಳಿಯಿತೆಂದರೆ ಬಾಡಿಯನ್ನು ಕಳಚಿ ಬರೀ ಚಾಸಿಯನ್ನು ಗಾಜಿನ ಮೇಲಿಡಿ. ಕುಂಟು ಮಾಯವಾದರೆ ತಿರುಚಿದ್ದು ಬಾಡಿ. ಅದು ಪಿನ್ನುಗಳ ಮೂಲಕ ಫ್ರೇಮನ್ನು ಎಳೆಯುತ್ತಿತ್ತು. ಆಗಲೂ ಕುಂಟುತ್ತಿದ್ದರೆ ಫ್ರೇಮು ಅಥವಾ ಆಕ್ಸಲ್.

ಈ ಎರಡರಲ್ಲಿ ಯಾವುದು ಎಂದು ತಿಳಿಯಲು ಮರಗೆಲಸದವರು ಹಲಗೆಯ ತಿರುಚು ನೋಡುವ ಉಪಾಯವೇ ಸಾಕು. ಎರಡು ಸ್ಟೀಲ್ ಸ್ಕೇಲುಗಳನ್ನು ಫ್ರೇಮಿನ ಎರಡೂ ಕಂಬಿಗಳ ಮೇಲೆ ಅಡ್ಡಲಾಗಿ ನಿಲ್ಲಿಸಿ, ಒಂದು ಮುಂದೆ, ಒಂದು ಹಿಂದೆ. ಕಣ್ಣನ್ನು ಅದೇ ಎತ್ತರಕ್ಕೆ ತಂದು ಒಂದು ಕಣ್ಣು ಮುಚ್ಚಿ ನೋಡಿ. ಮುಂದಿನ ಸ್ಕೇಲಿನ ಮೇಲಂಚು ಹಿಂದಿನದರ ಮೇಲಂಚಿಗೆ ಸಮಾನಾಂತರವಾಗಿ ಕಾಣಬೇಕು. ಒಂದು ತುದಿಯಲ್ಲಿ ಸಂದು ತೆರೆದು ಇನ್ನೊಂದು ತುದಿಯಲ್ಲಿ ಮುಚ್ಚಿಕೊಂಡರೆ ಫ್ರೇಮು ಅಷ್ಟರಮಟ್ಟಿಗೆ ತಿರುಚಿದೆ. ಹಾಗೆಯೇ ಇದನ್ನೂ ನೆನಪಿಡಿ: ಮುಂದಿನ ಎಡ ಚಕ್ರ ಮೇಲೆದ್ದಿದೆ ಎಂದರೆ ತಪ್ಪು ಮೂಲೆಯಿಂದ ಮೂಲೆಗೆ, ಹಿಂದಿನ ಬಲ ಚಕ್ರದ ಕಡೆಯೂ ಇರಬಹುದು.

ತಿರುಚಿದ ಫ್ರೇಮಿಗೆ ಬಿಸಿನೀರೇ ಮದ್ದು. ಪಾಲಿಸ್ಟೈರೀನ್ 90 ಡಿಗ್ರಿ ದಾಟಿದ ಮೇಲೆ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ, ಆದ್ದರಿಂದ ಕುದಿನೀರು ಬೇಡವೇ ಬೇಡ. 65ರಿಂದ 70 ಡಿಗ್ರಿ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ, ತಿರುಚಿದ ದಿಕ್ಕಿಗೆ ವಿರುದ್ಧವಾಗಿ ಬೇಕಾದ್ದಕ್ಕಿಂತ ತುಸು ಹೆಚ್ಚೇ ತಿರುಗಿಸಿ ಹಿಡಿದು, ಹಿಡಿತ ಬಿಡದೆ ತಣ್ಣೀರಿಗೆ ಇಳಿಸಿ. ಒಮ್ಮೆಗೇ ಸರಿಹೋಗುವುದಿಲ್ಲ, ಮೂರು ನಾಲ್ಕು ಸಲ ಬೇಕಾಗುತ್ತದೆ. ಅಡ್ಡಪಟ್ಟಿಗಳನ್ನು ಆಗಲೇ ಅಂಟಿಸಿದ್ದರೆ ನೀರಿನಿಂದ ಪ್ರಯೋಜನ ಕಡಿಮೆ, ಏಕೆಂದರೆ ತಿರುಚನ್ನು ಹಿಡಿದಿಟ್ಟಿರುವುದೇ ಆ ಬೆಸುಗೆಗಳು. ನಡುವಿನ ಅಡ್ಡಪಟ್ಟಿಯ ಒಂದು ತುದಿಯನ್ನು ಸಣ್ಣ ಗರಗಸದಿಂದ ಬಿಡಿಸಿ, ಫ್ರೇಮನ್ನು ಗಾಜಿಗೆ ಟೇಪಿನಿಂದ ಬಿಗಿದು ಮತ್ತೆ ಅಂಟಿಸಿ.

ಅಂಟಿನ ಬಗ್ಗೆ ಒಂದು ಮಾತು. ನೀರಿನಂಥ ಪ್ಲಾಸ್ಟಿಕ್ ಸಿಮೆಂಟ್ ಹತ್ತೇ ನಿಮಿಷದಲ್ಲಿ ಕಚ್ಚಿಕೊಂಡಂತೆ ಅನಿಸುತ್ತದೆ. ಒಳಗೆ ಪ್ಲಾಸ್ಟಿಕ್ ಇನ್ನೂ ಮೆತ್ತಗೇ ಇರುತ್ತದೆ. ಫ್ರೇಮಿನ ಕೀಲುಗಳಿಗೆ ಪೂರ್ತಿ 24 ಗಂಟೆ ಕೊಡಿ, ಅದೂ ಗಾಜಿನ ಮೇಲೆ ಬಿಗಿದ ಸ್ಥಿತಿಯಲ್ಲೇ. ಕುಂಟುವ ಕಾರುಗಳಲ್ಲಿ ಹೆಚ್ಚಿನವು ಈ 24 ಗಂಟೆ ಸಿಗದೆ ಕುಂಟಿದವು.

ಸ್ಲಿಂಗ್‌ಶಾಟ್ ಡ್ರ್ಯಾಗ್‌ಸ್ಟರ್‌ಗಳಲ್ಲಿ ದೋಷ ಬೇರೆ ರೂಪ ತಾಳುತ್ತದೆ: ಕಟ್ಟಿದಾಗ ನೆಟ್ಟಗಿದ್ದ ಉದ್ದನೆಯ ಫ್ರೇಮು ಕೆಲವು ತಿಂಗಳಲ್ಲಿ ನಡು ಬಗ್ಗುತ್ತದೆ. ತೆಳು ಪ್ಲಾಸ್ಟಿಕ್ ಸಣ್ಣ ಭಾರಕ್ಕೂ ನಿಧಾನವಾಗಿ ಜಗ್ಗುತ್ತದೆ. ಇಂದಿನ ಟಾಪ್ ಫ್ಯುಯೆಲ್ (ಅತಿ ವೇಗದ ವರ್ಗದ ಡ್ರ್ಯಾಗ್‌ಸ್ಟರ್) ಕಾರುಗಳ ವೀಲ್‌ಬೇಸ್ 300 ಇಂಚು, 1/25ರಲ್ಲಿ 30 ಸೆಂ.ಮೀ.ಗೂ ಮೇಲೆ, ಅವುಗಳಲ್ಲಂತೂ ಇದು ಖಚಿತ. ಕೆಳಗಿನ ಕಂಬಿಗಳ ಒಳಬದಿಗೆ 1 ಮಿ.ಮೀ. ಹಿತ್ತಾಳೆ ಕಡ್ಡಿಯನ್ನು ಉದ್ದಕ್ಕೂ ಫೆವಿಕ್ವಿಕ್‌ನಿಂದ ಕೂರಿಸಿ, ಕಪ್ಪು ಬಳಿದರೆ ಅದು ಕಾಣುವುದಿಲ್ಲ. ಆಗಲೇ ಬಗ್ಗಿದ್ದರೆ ಮೊದಲು ಬಿಸಿನೀರಿನಲ್ಲಿ ನೆಟ್ಟಗೆ ಮಾಡಿ, ಆಮೇಲೆ ಕಡ್ಡಿ.

ನಿಲುವು ಸರಿಯಿಲ್ಲ

ನಾಲ್ಕೂ ಚಕ್ರ ನೆಲ ಮುಟ್ಟಿದರೂ ಕಾರು ಏನೋ ತಪ್ಪಾಗಿ ಕಾಣಿಸಬಹುದು. ಹಾಟ್ ರಾಡ್‌ನ ಜೀವ ಅದರ ನಿಲುವಿನಲ್ಲೇ ಇದೆ: ಮುಂದೆ ಸಣ್ಣ ಟೈರು, ಹಿಂದೆ ದೊಡ್ಡದು, ಮೂತಿ ತುಸು ತಗ್ಗಿರಬೇಕು. ಮೂತಿ ತಗ್ಗದಿದ್ದರೆ ಸಾಮಾನ್ಯವಾಗಿ ಮುಂದಿನ ಅಡ್ಡ ಸ್ಪ್ರಿಂಗು ತುಂಬ ದಪ್ಪಗಿರುತ್ತದೆ. ಅದರ ಪಟ್ಟಿಗಳನ್ನು ಮೇಲಿನಿಂದ 1 ಮಿ.ಮೀ. ಅರದಲ್ಲಿ ಉಜ್ಜಿದರೆ ಮೂತಿ ಅಷ್ಟೇ ಇಳಿಯುತ್ತದೆ. ಆಕ್ಸಲನ್ನೇ ಕತ್ತರಿಸಿ ಇಳಿಸಲು ಹೊರಡಬೇಡಿ, ಹಾಗೆ ಮಾಡಿದರೆ ಚಕ್ರಗಳ ಓರೆ ಕೆಡುತ್ತದೆ.

ಗ್ಯಾಸರ್‌ನಲ್ಲಿ ಇದಕ್ಕೆ ತದ್ವಿರುದ್ಧ. ಓಟದ ಶುರುವಿನಲ್ಲಿ ಭಾರ ಹಿಂದಿನ ಸ್ಲಿಕ್ (ಗೀರಿಲ್ಲದ ನುಣುಪು) ಟೈರುಗಳ ಮೇಲೆ ಬೀಳಲೆಂದು ನೇರ ಆಕ್ಸಲ್ ಹಾಕಿ ಮೂತಿ ಎತ್ತುತ್ತಿದ್ದರು. ಮಾದರಿ ಕಟ್ಟುವವರು ಇದನ್ನು ಅತಿ ಮಾಡಿ ಆಕಾಶ ನೋಡುವ ಕಾರು ಮಾಡಿಬಿಡುತ್ತಾರೆ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎಯ ಗ್ಯಾಸ್ ವರ್ಗದ ನಿಯಮದಲ್ಲಿ ಕ್ರ್ಯಾಂಕ್‌ಶಾಫ್ಟಿನ ನಡುಗೆರೆ ನೆಲದಿಂದ 24 ಇಂಚು ಮೀರುವಂತಿರಲಿಲ್ಲ. ಎಂಜಿನ್ನಿನ ಮುಂದಿನ ಕೆಳಗಿನ ಪುಲ್ಲಿಯ ನಡುವಿನಿಂದ ಗಾಜಿಗೆ ಅಳೆಯಿರಿ, 1/25ರಲ್ಲಿ 24.4 ಮಿ.ಮೀ. ಒಳಗೆ ಬಂದರೆ ಆ ಕಾರು ಅಂದಿನ ತಪಾಸಣೆ ದಾಟುತ್ತಿತ್ತು. ಹೆಚ್ಚಿದ್ದರೆ ಮುಂದಿನ ಸ್ಪ್ರಿಂಗಿನ ಕೆಳಗಿನ ಆಸರೆಯನ್ನು ಅಷ್ಟೇ ಉಜ್ಜಿ.

ಹಿಂದಿನ ಸ್ಲಿಕ್ ಟೈರು ಚಕ್ರದ ಗೂಡಿಗೆ ತಾಗುತ್ತಿದ್ದರೆ ಗೂಡು ಕೆರೆಯುವ ಮೊದಲು ಆಕ್ಸಲ್ ಅಗಲ ನೋಡಿ. ನಿಜ ಕಾರುಗಳಲ್ಲಿ ಮಾಡುವಂತೆ ಆಕ್ಸಲನ್ನೇ ಕಿರಿದು ಮಾಡಬೇಕು: ಎರಡೂ ಬದಿಯಲ್ಲಿ ಸಮನಾಗಿ, ಸಾಮಾನ್ಯವಾಗಿ 2 ಮಿ.ಮೀ. ಕತ್ತರಿಸಿ, ನಡುವೆ 1 ಮಿ.ಮೀ. ತೂತು ಕೊರೆದು ಹಿತ್ತಾಳೆ ಕಡ್ಡಿಯ ತುಂಡಿನಿಂದ ಜೋಡಿಸಿ. ಒಂದೇ ಬದಿಯಲ್ಲಿ ಕತ್ತರಿಸಿದರೆ ಡಿಫರೆನ್ಷಿಯಲ್ ಗುಂಡು ಪಕ್ಕಕ್ಕೆ ಸರಿದು ಪ್ರೊಪೆಲ್ಲರ್ ಶಾಫ್ಟ್ ಓರೆಯಾಗುತ್ತದೆ.

ಬಾಡಿ ಕೂರುವುದಿಲ್ಲ, ಬಾನೆಟ್ ಮುಚ್ಚುವುದಿಲ್ಲ

ಬಣ್ಣ ಹಚ್ಚುವ ಮೊದಲು ಕೂರುತ್ತಿದ್ದದ್ದು ಆಮೇಲೆ ಕೂರದಿದ್ದರೆ ಕಾರಣ ಬಣ್ಣದ ದಪ್ಪವೇ. ಪ್ರೈಮರ್, ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಲೇಪ) ಸೇರಿ ಪ್ರತಿ ಮೈಗೆ ಸುಮಾರು 0.1 ಮಿ.ಮೀ. ಏರುತ್ತದೆ, ಪಿನ್ನಿನ ಎರಡೂ ಬದಿ, ತೂತಿನ ಎರಡೂ ಬದಿ ಸೇರಿದರೆ ಪಿನ್ನು ಒಳಹೋಗುವುದೇ ಇಲ್ಲ. ತಾಗುವ ಮೈಗಳಿಂದ ಬಣ್ಣವನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ. ಅಂಟು ಹಿಡಿಯಲೂ ಅದು ಬೇಕು. ಪ್ಲಾಸ್ಟಿಕ್ ಸಿಮೆಂಟ್ ಬಣ್ಣದ ಮೇಲೆ, ಕ್ರೋಮಿನ ಮೇಲೆ ಕಚ್ಚುವುದಿಲ್ಲ. ಎಕ್ಸಾಸ್ಟ್ ಕೊಳವೆಗಳು ಮತ್ತೆ ಮತ್ತೆ ಕಳಚಿ ಬೀಳುವುದು ಇದರಿಂದಲೇ.

ಬಣ್ಣಕ್ಕೂ ಮೊದಲೇ ಕೂರದಿದ್ದರೆ ಎಲ್ಲೋ ಏನೋ ತಾಗುತ್ತಿದೆ. ತಾಗುವ ಜಾಗ ಕಣ್ಣಿಗೆ ಬೀಳದು. ಬ್ಲೋವರ್ (ಎಂಜಿನ್‌ಗೆ ಗಾಳಿ ತುಂಬುವ ಯಂತ್ರ), ಏರ್ ಕ್ಲೀನರ್, ರೇಡಿಯೇಟರ್ ತಲೆ, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟು ಹಂಚುವ ಭಾಗ) ಇವುಗಳ ತುದಿಗೆ ಲಿಪ್‌ಸ್ಟಿಕ್ ಸವರಿ ಬಾಡಿಯನ್ನು ಇಳಿಸಿ ಎತ್ತಿ. ಒಳಮೈಯಲ್ಲಿ ಕೆಂಪು ಗುರುತು ಬಿದ್ದಲ್ಲಿ ತಾಗುತ್ತಿದೆ. ಆದರೆ ಗುರುತು ಬಿದ್ದ ಭಾಗವನ್ನೇ ಉಜ್ಜಲು ಹೊರಡಬೇಡಿ. ಎಂಜಿನ್ ಎತ್ತರ ಹೋಗಿದ್ದೇಕೆ ಎಂದು ಕೆಳಗೆ ನೋಡಿ: ಆಯಿಲ್ ಪ್ಯಾನು ಅಡ್ಡಪಟ್ಟಿಯ ಮೇಲೆ ಕೂತಿರಬಹುದು, ಗೇರ್‌ಬಾಕ್ಸಿನ ಬಾಲ ತನ್ನ ಆಸರೆಗೆ ಸೇರದೆ ಮೇಲೆದ್ದು ಎಂಜಿನ್ ಮುಂದಕ್ಕೆ ಮುಗ್ಗರಿಸಿರಬಹುದು. ಪ್ಯಾನಿನ ಅಡಿ 0.5 ಮಿ.ಮೀ. ಉಜ್ಜಿದರೆ ಯಾರಿಗೂ ಕಾಣದು, ಬ್ಲೋವರ್ ತಲೆ ಉಜ್ಜಿದರೆ ಎಲ್ಲರಿಗೂ ಕಾಣುತ್ತದೆ.

1932ರ ಫೋರ್ಡ್‌ಗಳಲ್ಲಿ ಬಾನೆಟ್ ಉದ್ದವನ್ನು ನಿರ್ಧರಿಸುವುದು ಗ್ರಿಲ್ ಶೆಲ್. ಅದು ಅರ್ಧ ಮಿ.ಮೀ. ಮುಂದಕ್ಕೆ ವಾಲಿದರೆ ಬಾನೆಟ್ ಮೇಲ್ಗಡೆ ಸಂದು ಬಿಡುತ್ತದೆ, ಕೆಳಗಡೆ ಬಿಗಿಯಾಗಿರುತ್ತದೆ. ಮೇಲೆ ಮಾತ್ರ ಸಂದು ಇದ್ದರೆ ಶೆಲ್ ವಾಲಿದೆ; ಮೇಲೆ ಕೆಳಗೆ ಸಮನಾಗಿ ಸಂದು ಇದ್ದರೆ ಬಾಡಿ ಹಿಂದಕ್ಕೆ ಸರಿದು ಕೂತಿದೆ. ಗ್ರಿಲ್ ಶೆಲ್ಲನ್ನು ಕೊನೆಯಲ್ಲಿ, ಬಾನೆಟ್ಟನ್ನು ಜಾಗದಲ್ಲಿಟ್ಟುಕೊಂಡೇ ಅಂಟಿಸುವುದು ಕ್ಷೇಮ, ಸೂಚನಾ ಹಾಳೆ ಏನೇ ಹೇಳಲಿ.

ಫನ್ನಿ ಕಾರುಗಳ ತೊಂದರೆ ಹಿಂಬದಿಯ ಕೀಲಿನಲ್ಲಿ. 1966ರಲ್ಲಿ ಡಾನ್ ನಿಕೋಲ್ಸನ್ ಓಡಿಸಿದ ಮರ್ಕ್ಯುರಿ ಕಾಮೆಟ್‌ನಿಂದ ಈಚೆಗೆ ಇಡೀ ಬಾಡಿ ಹಿಂದಿನ ಕೀಲಿನ ಮೇಲೆ ಮುಂಭಾಗದಿಂದ ಮೇಲೇಳುವ ಪದ್ಧತಿ ಬಂತು, ಮಾದರಿಯಲ್ಲೂ ಅದೇ. ಬಾಡಿ ಇಳಿಯುವಾಗ ರೋಲ್ ಕೇಜ್ ಚಾವಣಿಗೆ ತಾಗುವುದು ಸಾಮಾನ್ಯ. ಕೀಲು ಅಂಟಿಸುವ ಮೊದಲು ಬಾಡಿಯನ್ನು ಟೇಪಿನಿಂದ ಮುಚ್ಚಿದ ಸ್ಥಿತಿಯಲ್ಲಿ ಹಿಡಿದು, ಮುಂದಿನ ಚಕ್ರಗಳು ಗೂಡಿನ ನಡುವೆ ಬರುವಂತೆ ಹೊಂದಿಸಿ, ಆಮೇಲಷ್ಟೇ ಕೀಲಿಗೆ ಒಂದು ಹನಿ ಅಂಟು.

ಟಾಪ್ ಕತ್ತರಿಸಿದ ಮೇಲೆ ಕಂಬಗಳು ಕೂಡುವುದಿಲ್ಲ

ಟಾಪ್ ತಗ್ಗಿಸುವುದು ಈ ಹವ್ಯಾಸದ ಅತಿ ಸುಂದರ ಕೆಲಸ, ಅತಿ ಹೆಚ್ಚು ಬಾಡಿಗಳು ಹಾಳಾಗುವುದೂ ಇಲ್ಲೇ. ಕಿಟಕಿ ಕಂಬಗಳು ಮೇಲೆ ಹೋದಂತೆ ಒಳಕ್ಕೆ ವಾಲಿರುತ್ತವೆ. ನಡುವಿನಿಂದ 3 ಮಿ.ಮೀ. ತೆಗೆದು ಚಾವಣಿಯನ್ನು ನೇರ ಇಳಿಸಿದರೆ ಅದರ ಕಂಬದ ತುದಿಗಳು ಕೆಳಗಿನ ತುದಿಗಳಿಗಿಂತ ಒಳಗೆ ಬರುತ್ತವೆ. 1932ರ ಫೋರ್ಡಿನಲ್ಲಿ ಕಂಬಗಳು ಹೆಚ್ಚುಕಡಿಮೆ ನೆಟ್ಟಗಿರುವುದರಿಂದ ಈ ತಪ್ಪು ಕೂದಲೆಳೆಯಷ್ಟು, ಕಂಬವನ್ನು ಬೆರಳಲ್ಲಿ ತುಸು ಹೊರಕ್ಕೆ ಬಾಗಿಸಿದರೆ ಸಾಕು. 1949ರ ಮರ್ಕ್ಯುರಿಯಂಥ ದುಂಡು ಕಾರಿನಲ್ಲಿ ಹಾಗಾಗುವುದಿಲ್ಲ. ಚಾವಣಿಯನ್ನೇ ಅಡ್ಡಲಾಗಿ ಕತ್ತರಿಸಿ ನಡುವೆ ಪ್ಲಾಸ್ಟಿಕ್ ಪಟ್ಟಿ ಸೇರಿಸಿ ಉದ್ದ ಮಾಡಬೇಕು. ಕಾರು ಆರಿಸುವಾಗಲೇ ಇದನ್ನು ಯೋಚಿಸಿ. ಮೊದಲ ಸಲ ಟಾಪ್ ಕತ್ತರಿಸುವವರಿಗೆ ಐದು ಕಿಟಕಿಯ 1932ರ ಕೂಪೆಯೇ ಸರಿ.

ಎರಡನೆಯ ತಪ್ಪು ಗರಗಸದ ದಪ್ಪ. 3 ಮಿ.ಮೀ. ಅಗಲದ ಮಾಸ್ಕಿಂಗ್ ಟೇಪನ್ನು ಎಲ್ಲ ಕಂಬಗಳ ಸುತ್ತ ಒಂದೇ ಎತ್ತರದಲ್ಲಿ ಸುತ್ತುತ್ತೀರಿ. ತೆಗೆಯಬೇಕಾದ್ದು ಟೇಪಿನ ಕೆಳಗಿರುವ ಭಾಗ ಮಾತ್ರ. ತೆಳು ಗರಗಸವೂ ಪ್ರತಿ ಸಲ 0.2ರಿಂದ 0.3 ಮಿ.ಮೀ. ತಿನ್ನುತ್ತದೆ. ಟೇಪಿನ ಅಂಚಿನ ಹೊರಗೆ ಕೊಯ್ದರೆ ಎರಡೂ ಕಡೆ ಸೇರಿ ಅರ್ಧ ಮಿ.ಮೀ. ಹೆಚ್ಚು ಹೋಗುತ್ತದೆ, ಆಮೇಲೆ ಮುಂಗಾಜು ಕೂರುವುದಿಲ್ಲ. ಟೇಪಿನ ಒಳಗೇ ಕೊಯ್ದು, ಉಳಿದದ್ದನ್ನು ಅರದಿಂದ ಅಂಚಿಗೆ ತನ್ನಿ. ಒಂದು ಕಂಬ ಗಿಡ್ಡವಾಗಿ ಚಾವಣಿ ವಾಲಿದರೆ ಉಳಿದವನ್ನು ಅದಕ್ಕೆ ಸಮ ಮಾಡಲು ಹೋಗದೆ, ಆ ಒಂದಕ್ಕೆ 0.25 ಮಿ.ಮೀ. ಪ್ಲಾಸ್ಟಿಕ್ ಹಾಳೆಯ ಚೂರು ಸೇರಿಸಿ.

ಮೂರನೆಯದು ತಡವಾಗಿ ಕಾಣುವ ದೋಷ: ಬಣ್ಣ ಹಚ್ಚಿ ಎರಡು ವಾರವಾದ ಮೇಲೆ ಕಂಬದ ಮೇಲೆ ಕೊಯ್ದ ಗೆರೆ ಮತ್ತೆ ಮೂಡುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಉಗುರಿನ ತುದಿ ಎಳೆದು ನೋಡಿ. ಗೆರೆ ತಗ್ಗಿದ್ದರೆ ಪುಟ್ಟಿ ಕುಗ್ಗಿದೆ. ಥಿನ್ನರ್ ಬೆರೆತ ಪುಟ್ಟಿಯನ್ನು ದಪ್ಪಗೆ ಹಚ್ಚಿ ಮರುದಿನವೇ ಉಜ್ಜಿದ್ದರ ಫಲ. ತೆಳುವಾಗಿ ಎರಡು ಮೂರು ಸಲ ಹಚ್ಚಿ, ಕೊನೆಯದಕ್ಕೆ 48 ಗಂಟೆ ಬಿಡಬೇಕಿತ್ತು. ಗೆರೆ ಉಬ್ಬಿದ್ದರೆ ಅದು ಫೆವಿಕ್ವಿಕ್: ಸುತ್ತಲಿನ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗುವುದರಿಂದ ಉಪ್ಪು ಕಾಗದ ಪಕ್ಕದ ಪ್ಲಾಸ್ಟಿಕನ್ನೇ ಹೆಚ್ಚು ತಿನ್ನುತ್ತದೆ. ಅದನ್ನು ಹಚ್ಚಿದ ಒಂದೆರಡು ಗಂಟೆಯೊಳಗೇ, ಬೆರಳಿನಲ್ಲಲ್ಲ, ಗಟ್ಟಿ ಮರದ ತುಂಡಿಗೆ ಸುತ್ತಿದ 400 ನಂಬರ್ ವಾಟರ್ ಪೇಪರಿನಲ್ಲಿ ಉಜ್ಜಿ.

ಬಣ್ಣದ ದೋಷಗಳು

ಮೈ ತುಂಬ ಸಣ್ಣ ಬಿರುಕಿನ ಜಾಲ ಕಂಡರೆ ಥಿನ್ನರ್ ಪ್ಲಾಸ್ಟಿಕನ್ನು ಕಚ್ಚಿದೆ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಮತ್ತು ಕಾರಿನ ಲ್ಯಾಕರ್ ಬಣ್ಣಗಳು ಬರಿಯ ಪಾಲಿಸ್ಟೈರೀನ್ ಮೇಲೆ ಹೀಗೇ ಮಾಡುತ್ತವೆ. ಬಿಸಾಡುವ ಪ್ಲಾಸ್ಟಿಕ್ ಚಮಚದ ಹಿಂದೆ ತ್ರಿಕೋನದೊಳಗೆ 6 ಎಂದಿದ್ದರೆ ಅದೂ ಪಾಲಿಸ್ಟೈರೀನೇ. ಅದರ ಉಬ್ಬಿದ ಬೆನ್ನಿನ ಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ ಮೂರನ್ನೂ ಅದೇ ಕ್ರಮದಲ್ಲಿ ಹೊಡೆದು ಒಂದು ದಿನ ಬಿಟ್ಟು ನೋಡಿ. ಚಮಚ ಉಳಿದರೆ ಬಾಡಿಯೂ ಉಳಿಯುತ್ತದೆ. ಲ್ಯಾಕರ್‌ನ ಮೊದಲ ಎರಡು ಕೋಟುಗಳು ಮಂಜು ಹನಿದಂತೆ ಒಣಗೊಣಗಾಗಿ, ಹತ್ತು ನಿಮಿಷದ ಅಂತರದಲ್ಲಿ ಬೀಳಬೇಕು. ಬಿರುಕು ಬಿಟ್ಟ ಬಾಡಿಯನ್ನು ಎರಡು ದಿನ ಒಣಗಿಸಿ, 600ರಲ್ಲಿ ಬಿರುಕಿನ ತಳದವರೆಗೆ ಉಜ್ಜಿ, ಮತ್ತೆ ಪ್ರೈಮರ್ ಹೊಡೆಯದೆ ಬೇರೆ ದಾರಿಯಿಲ್ಲ.

ಕೆಳಗಿನ ಎನಾಮಲ್ ಪೂರ್ತಿ ಒಣಗದೆ ಮೇಲೆ ಲ್ಯಾಕರ್ ಬಿದ್ದರೆ ಬಣ್ಣ ಹಾಲಿನ ಕೆನೆಯಂತೆ ಸುಕ್ಕಾಗಿ ಏಳುತ್ತದೆ. ಎನಾಮಲ್ ಒಣಗಿದೆಯೇ ಎಂದು ಮುಟ್ಟಿ ನೋಡಬೇಡಿ, ಮೂಸಿ ನೋಡಿ. ವಾಸನೆ ಇರುವವರೆಗೆ ಅದು ಒಣಗಿಲ್ಲ. ಒಣಗಿದ ಮೇಲೂ ಎನಾಮಲ್ ಮೇಲೆ ಲ್ಯಾಕರ್ ಹಾಕದಿರುವುದೇ ಒಳ್ಳೆಯದು.

ಮಳೆಗಾಲದಲ್ಲಿ ಮಂಗಳೂರು, ಉಡುಪಿ, ಮಲೆನಾಡಿನಲ್ಲಿ ಕಟ್ಟುವವರನ್ನು ಹೆಚ್ಚು ಕಾಡುವುದು ಬಿಳಿ ಮಬ್ಬು. ಥಿನ್ನರ್ ಬೇಗ ಆರುವಾಗ ಬಣ್ಣದ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ; ಕಪ್ಪು ಬಣ್ಣ ಹಾಲು ಚೆಲ್ಲಿದಂತಾಗುತ್ತದೆ. ದೂರದಿಂದ ಹೊಡೆದು ಹನಿಗಳು ಗಾಳಿಯಲ್ಲೇ ಒಣಗಿ ಬಿದ್ದರೂ ಮಬ್ಬು ಬರುತ್ತದೆ, ಎರಡನ್ನೂ ಒಂದೇ ಎಂದುಕೊಳ್ಳಬಾರದು. ಪೂರ್ತಿ ಆರಿದ ಮೇಲೆ ಬೆರಳು ಸವರಿ ನೋಡಿ: ನುಣುಪಾಗಿದ್ದರೆ ತೇವದ ಮಬ್ಬು, ಸಕ್ಕರೆಯಂತೆ ತರಿತರಿಯಾಗಿದ್ದರೆ ಒಣ ಹನಿ. ತೇವದ ಮಬ್ಬಿಗೆ ಬಿಸಿಲು ಬಿದ್ದ ದಿನ ಕಾದು, ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಬಹಳ ತೆಳುವಾಗಿ ಹಾರಿಸಿದರೆ ಮೈ ಮತ್ತೆ ಕರಗಿ ಮಬ್ಬು ಬಿಡುತ್ತದೆ. ತರಿ ಮೈಗೆ 1500 ವಾಟರ್ ಪೇಪರು, ಆಮೇಲೆ ಹತ್ತಿರದಿಂದ ಇನ್ನೊಂದು ಕೋಟು. ಏರ್‌ಬ್ರಷ್ ಆದರೆ 10ರಿಂದ 15 ಸೆಂ.ಮೀ., ಸ್ಪ್ರೇ ಡಬ್ಬಿಯಾದರೆ 20ರಿಂದ 25 ಸೆಂ.ಮೀ. ದೂರ.

ಕಿತ್ತಳೆ ಸಿಪ್ಪೆಯಂಥ ಮೈ ಬಂದರೆ ಬಣ್ಣ ದಪ್ಪವಾಗಿದೆ, ಇಲ್ಲವೇ ಒತ್ತಡ ಸಾಲದು. ಬಣ್ಣವನ್ನು ಹಾಲಿನಷ್ಟು ತೆಳು ಮಾಡಿ 15ರಿಂದ 20 ಪಿಎಸ್‌ಐಯಲ್ಲಿ ಹೊಡೆಯಿರಿ. ಆಗಲೇ ಬಂದಿದ್ದರೆ ಕ್ಲಿಯರ್ ಮೇಲೆ 2000, 3000 ವಾಟರ್ ಪೇಪರು, ಆಮೇಲೆ ರಬ್ಬಿಂಗ್ ಕಾಂಪೌಂಡ್. ಮಡ್‌ಗಾರ್ಡಿನ ಏಣು, ಬಾಗಿಲ ಗೆರೆಯ ಅಂಚುಗಳಲ್ಲಿ ಬಣ್ಣ ಅತಿ ತೆಳು. ಅಲ್ಲಿ ಟೇಪು ಹಚ್ಚಿಕೊಂಡೇ ಉಜ್ಜಿ. ಬಣ್ಣ ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಕುಳಿಗಳಾದರೆ ಮೈಮೇಲೆ ಎಣ್ಣೆ ಅಥವಾ ಸಿಲಿಕೋನ್ ಇದೆ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಆಮೇಲೆ ಅಂಚುಗಳನ್ನು ಮಾತ್ರ ಹಿಡಿಯಿರಿ. ಕಾರಿನ ಡ್ಯಾಶ್‌ಬೋರ್ಡಿಗೆ ಹೊಡೆಯುವ ಪಾಲಿಷನ್ನು ಅದೇ ಕೋಣೆಯಲ್ಲಿ ಎಂದೂ ಬಳಸಬೇಡಿ.

ಕಾರ್ ಗ್ಯಾರೇಜುಗಳ, ಹಾರ್ಡನರ್ ಬೆರೆಸಿ ಹೊಡೆಯುವ 2ಕೆ ಪಿಯು ಕ್ಲಿಯರ್ ಕನ್ನಡಿಯಂತೆ ಹೊಳೆಯುತ್ತದೆ ನಿಜ. ಅದರ ಹಾರ್ಡನರ್‌ನಲ್ಲಿ ಉಸಿರಾಟಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಇರುತ್ತದೆ, ಬಟ್ಟೆ ಮಾಸ್ಕು ಅದನ್ನು ತಡೆಯುವುದಿಲ್ಲ. ಸರಿಯಾದ ಉಸಿರಾಟದ ಮಾಸ್ಕು, ಹೊರಗೆ ಗಾಳಿ ಎಳೆಯುವ ಫ್ಯಾನು ಎರಡೂ ಇಲ್ಲದಿದ್ದರೆ ಆ ಆಸೆ ಬಿಡಿ.

ಕ್ಯಾಂಡಿ ಬಣ್ಣದಲ್ಲಿ ಬಾನೆಟ್ ಒಂದು ಕೆಂಪು, ಬಾಡಿ ಇನ್ನೊಂದು ಕೆಂಪು ಆಗುವುದಕ್ಕೆ ಕಾರಣ ಕೋಟುಗಳ ಎಣಿಕೆ. ಚಿನ್ನ ಅಥವಾ ಬೆಳ್ಳಿ ತಳದ ಮೇಲೆ ಪಾರದರ್ಶಕ ಕೆಂಪು ಹಾಕಿದಾಗ ಪ್ರತಿ ಕೋಟೂ ಬಣ್ಣವನ್ನು ಗಾಢ ಮಾಡುತ್ತದೆ. ಬಾನೆಟ್, ಬಾಗಿಲುಗಳನ್ನು ಟೇಪಿನಿಂದ ಒಳಗಿನಿಂದ ಜಾಗದಲ್ಲೇ ಕೂರಿಸಿ ಇಡೀ ಕಾರನ್ನು ಒಂದೇ ಸಲಕ್ಕೆ ಹೊಡೆಯಿರಿ. ತಿಳಿಯಾಗಿ ಉಳಿದ ಬಾನೆಟ್ಟಿಗೆ ಇನ್ನೊಂದು ಕೋಟು ಕೊಟ್ಟು ಸರಿದೂಗಿಸಬಹುದು, ಗಾಢವಾದದ್ದನ್ನು ತಿಳಿ ಮಾಡಲಾಗದು.

ಕೆಂಪು ಪ್ಲಾಸ್ಟಿಕ್‌ನಲ್ಲಿ ಎರೆದ ಕಿಟ್ಟಿಗೆ ಬಿಳಿ, ಹಳದಿ ಹಚ್ಚಿದರೆ ನಿಧಾನವಾಗಿ ಗುಲಾಬಿಯಾಗುತ್ತದೆ, ಪ್ಲಾಸ್ಟಿಕ್‌ನ ಬಣ್ಣ ಮೇಲಕ್ಕೆ ಒಸರುತ್ತದೆ. ಎಷ್ಟು ಬಿಳಿ ಹಚ್ಚಿದರೂ ನಿಲ್ಲದು. ಪ್ರೈಮರ್ ಮೇಲೆ ಒಂದು ಪೂರ್ತಿ ಬೆಳ್ಳಿ ಕೋಟು ಹಾಕಿ, ಅದರ ಮೇಲೆ ಬಿಳಿ ಹಚ್ಚಿ.

ಕ್ರೋಮು, ಟೈರು, ಗಾಜು, ಸ್ಟಿಕ್ಕರು

ಕ್ರೋಮ್ ಭಾಗದ ಅಚ್ಚುಗೆರೆ ತೆಗೆಯಬೇಕಾದರೆ ಮೊದಲು ಕ್ರೋಮ್ ತೆಗೆಯಬೇಕು. ಬಟ್ಟೆ ಬಿಳಿ ಮಾಡುವ ಬ್ಲೀಚಿನಲ್ಲಿ ಮುಳುಗಿಸಿಟ್ಟರೆ ಬಿಟ್ಟುಕೊಳ್ಳುತ್ತದೆ. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಹನಿಯೂ ಸೇರಬಾರದು, ವಿಷಗಾಳಿ ಏಳುತ್ತದೆ. ಕ್ರೋಮ್ ಹೋದ ಮೇಲೂ ಹಳದಿ ಅಂಟಂಟು ಪದರ ಉಳಿದರೆ ಅದು ಕೆಳಗಿನ ಲ್ಯಾಕರ್. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ರಾತ್ರಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ.

ವರ್ಷಗಳ ಮೇಲೆ ಟೈರು ತೆಗೆದಾಗ ರಿಮ್ಮು ಕರಗಿದಂತೆ ಕಂಡರೆ, ಮೆತ್ತನೆ ವಿನೈಲ್ ಟೈರಿನ ಎಣ್ಣೆ ಪಾಲಿಸ್ಟೈರೀನನ್ನು ಕರಗಿಸಿದೆ. ಬಣ್ಣ ಇದನ್ನು ತಡೆಯದು. ರಿಮ್ಮಿನ ಸುತ್ತ ತೆಳು ಅಂಟು ಫಾಯಿಲ್ ಸುತ್ತಿ ಟೈರು ಹಾಕಿ. ಕಟ್ಟದೆ ಇಟ್ಟ ಕಿಟ್‌ಗಳ ಟೈರುಗಳನ್ನು ಇಂದೇ ಬೇರೆ ಚೀಲಕ್ಕೆ ಹಾಕಿ. ಅವು ಗಾಜಿನ ಭಾಗಕ್ಕೆ ತಾಗಿದರೆ ಗಾಜೂ ಹೋಯಿತು.

ಕಿಟಕಿ ಗಾಜಿನ ಮೇಲಿನ ಬಿಳಿ ಹೊಗೆ ಫೆವಿಕ್ವಿಕ್ ಆವಿಯದು. ಗಾಜಿಗೆ ಫೆವಿಕಾಲ್ ಮಾತ್ರ. ಸ್ಟಿಕ್ಕರಿನ ಪೊರೆಯ ಕೆಳಗೆ ಬೆಳ್ಳಿ ಛಾಯೆ ಕಂಡರೆ ಅದು ಸಿಕ್ಕಿಬಿದ್ದ ಗಾಳಿ: ಮ್ಯಾಟ್ ಮೈಯ ಮೇಲೆ ಅಂಟಿಸಿದ್ದರ ಫಲ. ಸೂಜಿಯಿಂದ ಚುಚ್ಚಿ ಡಿಕಾಲ್ (ಈ ಸ್ಟಿಕ್ಕರು) ಮೆತ್ತಗಾಗಿಸುವ ದ್ರಾವಣ ಬಿಡಿ.

ಪ್ಲಗ್ ವೈರುಗಳು

ವೈರು ಎಳೆದ ಎಂಜಿನ್ ನಂಬಲರ್ಹವಾಗಿ ಕಾಣದಿದ್ದರೆ ಮೊದಲ ಕಾರಣ ದಪ್ಪ. ನಿಜ ಪ್ಲಗ್ ವೈರು 7ರಿಂದ 8 ಮಿ.ಮೀ., 1/25ರಲ್ಲಿ 0.3 ಮಿ.ಮೀ. 0.5ರ ವೈರು ಹಾಕಿದರೆ ತೋಟಕ್ಕೆ ನೀರು ಬಿಡುವ ಪೈಪಿನಂತೆ ಕಾಣುತ್ತದೆ. ಎರಡನೆಯದು ಎಲ್ಲಿಂದ ಹೊರಡುತ್ತದೆ ಎನ್ನುವುದು: ಷೆವರ್ಲೆ ಸ್ಮಾಲ್ ಬ್ಲಾಕ್‌ನಲ್ಲಿ ಡಿಸ್ಟ್ರಿಬ್ಯೂಟರ್ ಹಿಂದೆ, ಫೋರ್ಡ್ ಫ್ಲ್ಯಾಟ್‌ಹೆಡ್ ವಿ8ರಲ್ಲಿ ಮುಂದೆ; ಕ್ರೈಸ್ಲರ್ ಹೆಮಿಯಲ್ಲಿ ವೈರುಗಳು ವಾಲ್ವ್ ಕವರಿನ ನಡುವಿನಿಂದಲೇ ಒಳಗೆ ಇಳಿಯುತ್ತವೆ.

ಷೆವರ್ಲೆಯಲ್ಲಿ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಕ್ರಮ 1-8-4-3-6-5-7-2. ಚಾಲಕನ ಎಡಬದಿಯಲ್ಲಿ ಮುಂದಿನಿಂದ 1, 3, 5, 7; ಬಲಬದಿಯಲ್ಲಿ 2, 4, 6, 8. ಮೇಲಿನಿಂದ ನೋಡಿದಾಗ ಗಡಿಯಾರದ ದಿಕ್ಕಿನಲ್ಲಿ ಜೋಡಿಸಿಕೊಂಡು ಹೋಗಬೇಕು. ಫ್ಲ್ಯಾಟ್‌ಹೆಡ್‌ನದು 1-5-4-8-6-3-7-2, ಅಲ್ಲಿ ಬಲಬದಿಯಲ್ಲಿ 1ರಿಂದ 4, ಎಡಬದಿಯಲ್ಲಿ 5ರಿಂದ 8.

ಡಿಸ್ಟ್ರಿಬ್ಯೂಟರ್ ತಲೆ ಸೀಳಿದರೆ ಡ್ರಿಲ್ಲಿನ ಬಿಟ್ (ಕೊರೆಯುವ ಕಡ್ಡಿ) ಜಾರಿದೆ. ಮೊದಲು ಸೂಜಿಯಿಂದ ಎಂಟು ಚುಕ್ಕೆ ಒತ್ತಿ, 0.35 ಮಿ.ಮೀ. ಬಿಟ್ ಅನ್ನು ಕೈ ಡ್ರಿಲ್ಲಿನಲ್ಲಿ ಬೆರಳ ತುದಿಯಿಂದ ತಿರುಗಿಸಿ, ಎರಡು ಸುತ್ತಿಗೊಮ್ಮೆ ಹೊರತೆಗೆದು ಪುಡಿ ಊದಿ. ಆಳ 1.5 ಮಿ.ಮೀ. ಸಾಕು. ವೈರುಗಳನ್ನು ಎಂಜಿನ್ ಫ್ರೇಮಿಗೆ ಕೂರುವ ಮೊದಲು ಡಿಸ್ಟ್ರಿಬ್ಯೂಟರ್ ಕಡೆ ಮಾತ್ರ ಅಂಟಿಸಿ. ಪ್ಲಗ್ಗಿನ ಕಡೆಯ ತುದಿಯನ್ನು ಎಂಜಿನ್ ಕೂತು, ಎಕ್ಸಾಸ್ಟ್ ಹೆಡರ್‌ಗಳು ಬಂದ ಮೇಲೆ ಹೆಡರ್‌ಗೆ ತಾಗದಂತೆ ಉದ್ದ ನೋಡಿ ಕತ್ತರಿಸಿ, ಹಲ್ಲುಕಡ್ಡಿಯ ತುದಿಯಲ್ಲಿ ಫೆವಿಕಾಲ್ ತಾಗಿಸಿ ಕೂರಿಸಿ. ತಪ್ಪು ಸಿಲಿಂಡರಿಗೆ ಹೋದದ್ದು ತಿಳಿದರೆ ಫೆವಿಕಾಲ್ ಒದ್ದೆ ಬ್ರಷ್ಷಿಗೆ ಬಿಡುತ್ತದೆ, ಫೆವಿಕ್ವಿಕ್ ಬಿಡುವುದಿಲ್ಲ.